ಬಾಟಾ ಊರಿಗೆ ಹೋಗಿ ಬಂದೆ: ಅಮ್ಮಂದಿರು ಮಕ್ಕಳಿಗೆ ಹೇಳದೇ ಉಳಿಸಿಕೊಂಡ ಮಾತು

ಬ್ರನೋವಾಸಿ

ಕಳೆದ ಭಾನುವಾರ ಜ್ಲೀನ್ ಊರಿಗೆ ಹೋಗಿದ್ದೆ. ಚೆಕ್ ದೇಶದಲ್ಲಿ ನಾನಿರುವ ಬ್ರನೋದಿಂದ ದೂರವೇನಲ್ಲ, ಬೆಳಿಗ್ಗೆ ಬಸ್ ಹತ್ತಿದರೆ ಸಂಜೆ ವಾಪಸ್. ಹೋಗಿದ್ದು ಬಾಟಾ ನೋಡೋಕೆ.

ನನ್ನ ಕಾಲದವರಿಗೆ ಜೂನ್ ಅಂದರೆ ಮಳೆ, ಹೊಸ ಪುಸ್ತಕಕ್ಕೆ ಕಂದು ಬೈಂಡು, ಒಂದು ಸೈಜು ದೊಡ್ಡದಾದ ಬಾಟಾ ಬೂಟು. ಮುಂದಿನ ವರ್ಷಕ್ಕೂ ಬರಲಿ ಅಂತ. ಅದು ನಮ್ಮ ದೇಶದ ಕಂಪನಿ ಅಂತಲೇ ಬಹಳ ದಿನ ನಂಬಿದ್ದೆ. 1894ರಲ್ಲಿ ಅದು ಹುಟ್ಟಿದ್ದು ಈ ಜ್ಲೀನ್‌ನಲ್ಲಿ. ಊರಿಗೆ ಊರೇ ಕೆಂಪು ಇಟ್ಟಿಗೆ. 21ನೇ ನಂಬರಿನ ಕಟ್ಟಡದಲ್ಲಿ ಮಾಲೀಕನ ಆಫೀಸು ಒಂದು ಲಿಫ್ಟಿನ ಒಳಗಿದೆ. ಮೇಜು, ಕುರ್ಚಿ, ಕೈ ತೊಳೆಯುವ ಬೇಸಿನ್ ಎಲ್ಲವನ್ನೂ ಹೊತ್ತುಕೊಂಡು ಮಹಡಿಯಿಂದ ಮಹಡಿಗೆ ಹೋಗುತ್ತದೆ.

ಆದರೆ ನಾನು ಬರೆಯೋಕೆ ಕೂತಿದ್ದು ಲಿಫ್ಟಿನ ಬಗ್ಗೆ ಅಲ್ಲ.

1937ರ ಜುಲೈ 3ರಂದು ಈ ಊರಿನಲ್ಲಿ ತೊಮಾಶ್ ಸ್ಟ್ರಾಯ್ಸ್ಲರ್ ಅನ್ನೋ ಮಗು ಹುಟ್ಟಿತು. ಅಪ್ಪ ಯೂಜೆನ್ ಬಾಟಾ ಆಸ್ಪತ್ರೆಯಲ್ಲಿ ಡಾಕ್ಟರು. ಅಮ್ಮ ಮಾರ್ತಾ. ಇಬ್ಬರೂ ಯಹೂದಿಗಳು. 1939ರ ಮಾರ್ಚ್ 15ರಂದು ಹಿಟ್ಲರ್‌ನ ಸೈನ್ಯ ಒಳಗೆ ಬಂತು. ಆ ದಿನಗಳಲ್ಲಿ ಬಾಟಾದವರು ತಮ್ಮ ಯಹೂದಿ ನೌಕರರಲ್ಲಿ ಹಲವರಿಗೆ ಹೊರದೇಶದ ಶಾಖೆಗಳಿಗೆ ವರ್ಗ ಕೊಟ್ಟು ದಾಟಿಸಿದರು. ಈ ಡಾಕ್ಟರಿಗೆ ಸಿಂಗಾಪುರ ಸಿಕ್ಕಿತು. ಮೂರು ವರ್ಷಕ್ಕೆ ಅಲ್ಲಿಗೂ ಯುದ್ಧ ಬಂತು, ಈ ಸಲ ಜಪಾನಿಯರದು. ಅಮ್ಮ ಇಬ್ಬರು ಗಂಡುಮಕ್ಕಳನ್ನು ಕಟ್ಟಿಕೊಂಡು ಹಡಗು ಹತ್ತಿ ಭಾರತಕ್ಕೆ ಬಂದು ಇಳಿದರು. ಅಪ್ಪ ಹಿಂದೆ ಉಳಿದರು. 1942ರಲ್ಲಿ ಅವರು ತಪ್ಪಿಸಿಕೊಂಡು ಹೊರಟ ಹಡಗಿಗೆ ಬಾಂಬು ಬಿತ್ತು.

ದಾರ್ಜಿಲಿಂಗ್‌ನಲ್ಲಿ ಅಮ್ಮ ಯಾವ ಕೆಲಸ ಮಾಡಿದರು ಗೊತ್ತಾ? ಬಾಟಾ ಅಂಗಡಿ ನೋಡಿಕೊಂಡರು. ಮಕ್ಕಳು ಮೌಂಟ್ ಹರ್ಮನ್ ಶಾಲೆಗೆ ಹೋದರು. 1945ರಲ್ಲಿ ಅಮ್ಮ ಕೆನೆತ್ ಸ್ಟಾಪರ್ಡ್ ಅನ್ನೋ ಬ್ರಿಟಿಷ್ ಮೇಜರನ್ನು ಮದುವೆಯಾದರು. ಮರುವರ್ಷ ಎಲ್ಲರೂ ಇಂಗ್ಲೆಂಡಿಗೆ. ತೊಮಾಶ್ ಹೋಗಿ ಟಾಮ್ ಸ್ಟಾಪರ್ಡ್ ಆದ. ಹೌದು, ಅದೇ ಹೆಸರಾಂತ ನಾಟಕಕಾರ.

ಮೂಲದಲ್ಲೆಲ್ಲೋ ಒಂದಿಷ್ಟು ಯಹೂದಿ ರಕ್ತ ಇರಬಹುದು ಅನ್ನುವಷ್ಟೇ ಅವರಿಗೆ ಗೊತ್ತಿದ್ದದ್ದು. 1993ರಲ್ಲಿ ಚೆಕ್ ಕಡೆಯ ನೆಂಟರೊಬ್ಬರು ಲಂಡನ್ನಿಗೆ ಬಂದು, ಒಂದು ಹಾಳೆಯ ಮೇಲೆ ವಂಶವೃಕ್ಷ ಬರೆದು ತೋರಿಸಿದರು. ನಾವು ಎಷ್ಟರಮಟ್ಟಿಗೆ ಯಹೂದಿಗಳು ಅಂತ ಇವರು ಕೇಳಿದರೆ, ಪೂರ್ತಿ ಅಂತ ಉತ್ತರ ಬಂತು. ಅಜ್ಜ ಅಜ್ಜಿ ನಾಲ್ವರೂ ನಾಜಿಗಳ ಕೈಯಲ್ಲಿ ಸತ್ತಿದ್ದರು. ಅಮ್ಮನ ಅಕ್ಕತಂಗಿಯರಲ್ಲಿ ಮೂವರು ಕೂಡ. ಆಗ ಸ್ಟಾಪರ್ಡ್ ಅವರಿಗೆ 56 ವರ್ಷ.

ಕೆಲವು ವರ್ಷ ಬಿಟ್ಟು ಅವರು ಜ್ಲೀನ್‌ಗೆ ಬಂದರು. ಹಿಂದೆ ಬಾಟಾ ಆಸ್ಪತ್ರೆಯಲ್ಲಿ ದೊಡ್ಡ ಡಾಕ್ಟರಾಗಿದ್ದವರ ಮಗಳು ಸಿಕ್ಕರು, ಅಷ್ಟೊತ್ತಿಗೆ ಅಜ್ಜಿಯಾಗಿದ್ದರು. ಚಿಕ್ಕವಳಿದ್ದಾಗ ಬಾಗಿಲ ಗಾಜಿಗೆ ಕೈ ಹಾಕಿ ಕುಯ್ದುಕೊಂಡಿದ್ದರಂತೆ. ಹೊಲಿಗೆ ಹಾಕಿದ್ದು ಡಾಕ್ಟರ್ ಸ್ಟ್ರಾಯ್ಸ್ಲರ್. ಆ ಅಜ್ಜಿ ಕೈ ಚಾಚಿದರು. ಗುರುತು ಇನ್ನೂ ಇತ್ತು. ಮಗ ಅದನ್ನು ಮುಟ್ಟಿ ನೋಡಿದರು. ಅಪ್ಪನದು ಅಂತ ಅವರ ಹತ್ತಿರ ಒಂದು ವಸ್ತುವೂ ಇರಲಿಲ್ಲ.

ಅಮ್ಮ ತೀರಿಕೊಂಡಿದ್ದು 1996ರಲ್ಲಿ. ಹೇಳೋಕೆ ಐವತ್ತು ವರ್ಷ ಟೈಮಿತ್ತು. ಯಾಕೆ ಹೇಳಲಿಲ್ಲ? ಬಸ್ಸಿನಲ್ಲಿ ಪೂರ್ತಿ ಇದೇ ಯೋಚನೆ. ನಿಮಗೇನನ್ನಿಸುತ್ತದೆ?

ಕಾಫಿಪುಡಿ

ಗಾಯದ ಗುರುತಿನ ಮಾತು ಓದಿ ಸುಮ್ನೆ ಕೂತುಬಿಟ್ಟೆ.

ನೀವು ದಾರ್ಜಿಲಿಂಗ್‌ನ ಒಂದು ಸಂಗತಿ ಬಿಟ್ಟಿದ್ದೀರಿ. ಅಪ್ಪ ಸತ್ತ ಸುದ್ದಿಯನ್ನು ಮಕ್ಕಳಿಗೆ ಹೇಳೋಕೆ ಆ ತಾಯಿಗೆ ಬಾಯಿ ಬರಲಿಲ್ಲ. ಗೆಳತಿಯೊಬ್ಬರಿಗೆ ಹೇಳಿ, ಹುಡುಗರನ್ನು ವಾಕಿಂಗ್ ಕರೆದುಕೊಂಡು ಹೋಗಿ ಹೇಳಿಸಿದರು. ವಾಪಸ್ ಬಂದ ಮೇಲೆ, ಹೇಳಿದರಾ ಅಂತ ಕೇಳಿದರು. ಹ್ಞೂಂ ಅಂದರು ಹುಡುಗರು. ಅಲ್ಲಿಗೆ ಮುಗೀತು. ಸ್ಟಾಪರ್ಡ್ ಅವರೇ ಇದನ್ನು ಬರೆದುಕೊಂಡಿದ್ದಾರೆ. ಗಂಡನ ಸಾವನ್ನೇ ಹೇಳಲಾಗದವರು ಅಪ್ಪ, ಅಮ್ಮ, ಅಕ್ಕತಂಗಿಯರ ಸಾವನ್ನು ಹೇಗೆ ಹೇಳುತ್ತಾರೆ? ಇದರಲ್ಲಿ ಮುಚ್ಚಿಡುವ ಪ್ಲಾನು ಏನೂ ಇಲ್ಲ. ಆಗಲಿಲ್ಲ, ಅಷ್ಟೇ.

ಮಂಡ್ಯದ ಮಾತು

ಕ್ಷಮಿಸಿ, ನಾನು ಒಪ್ಪಲ್ಲ. ಮಕ್ಕಳು ಚಿಕ್ಕವರಿದ್ದಾಗ ಸರಿ. ಮಗನಿಗೆ ನಲವತ್ತಾಯಿತು, ಐವತ್ತಾಯಿತು. ತಾನು ಯಾರು ಅಂತ ತಿಳಿಯೋದು ಅವನ ಹಕ್ಕು, ಅಮ್ಮನ ಆಸ್ತಿಯಲ್ಲ. ಇನ್ನು ಮಲತಂದೆ ಕತೆ ಕೇಳಿ. ಹೆಂಡತಿ ತೀರಿಕೊಂಡ ಮೇಲೆ ಆತ ಮಗನಿಗೆ ಕಾಗದ ಬರೆದರು, ಇನ್ನು ಮುಂದೆ ಸ್ಟಾಪರ್ಡ್ ಅನ್ನೋ ಹೆಸರು ಬಳಸಬೇಡ ಅಂತ! ಮಗ ಯಹೂದಿಗಳ ಪರವಾಗಿ ನಿಂತಿದ್ದು ಅವರಿಗೆ ಸರಿಬರಲಿಲ್ಲ. ಅಷ್ಟೊತ್ತಿಗೆ ಆ ಹೆಸರು ಎಷ್ಟು ನಾಟಕಗಳ ಪೋಸ್ಟರ್ ಮೇಲೆ ಇತ್ತೋ. ಅದು ಆಗುವ ಮಾತಲ್ಲ ಅಂತ ಮಗ ಉತ್ತರ ಬರೆದರು.

ಪ್ರಾಗ್‌ನಲ್ಲಿ ಹುಟ್ಟಿದ ಮೇಡ್ಲಿನ್ ಆಲ್‌ಬ್ರೈಟ್ ಕತೆಯೂ ಇದೇ. ಅಮೆರಿಕದ ವಿದೇಶಾಂಗ ಮಂತ್ರಿ ಆಗುವ ಹೊತ್ತಿಗೆ, 1997ರಲ್ಲಿ, ನಿಮ್ಮ ಮನೆಯವರು ಯಹೂದಿಗಳು ಅಂತ ಪೇಪರಿನವರು ಹುಡುಕಿ ಹೇಳಬೇಕಾಯಿತು. ಅಷ್ಟು ಓದಿದ ಹೆಂಗಸು, ಚೆಕ್ ಇತಿಹಾಸ ಅರೆದು ಕುಡಿದವರು, ಅಜ್ಜ ಅಜ್ಜಿ ಹೇಗೆ ಸತ್ತರು ಅಂತ ಒಮ್ಮೆಯೂ ಕೇಳಲಿಲ್ಲ ಅಂದರೆ ನಂಬೋದು ಹೇಗೆ?

ಬ್ರನೋವಾಸಿ

ಅಮೆರಿಕದಲ್ಲೂ ಆಗ ಸುಮಾರು ಜನ ಇದೇ ಕೇಳಿದರು. ನಾನು ಆಲ್‌ಬ್ರೈಟ್ ಮಾತು ನಂಬುತ್ತೇನೆ. ಯಾಕೆ ಅಂದರೆ ಪ್ರಾಗ್‌ನ ಪಿಂಕಸ್ ಸಿನಗಾಗ್, ಯಹೂದಿಗಳ ಪ್ರಾರ್ಥನಾ ಮಂದಿರ.

ಒಳಗೆ ಕಾಲಿಟ್ಟರೆ ಗೋಡೆ ಕಾಣಲ್ಲ, ಬರೀ ಅಕ್ಷರ. ಬೊಹೀಮಿಯಾ ಮತ್ತು ಮೊರಾವಿಯಾ, ಅಂದರೆ ಈಗಿನ ಚೆಕ್ ದೇಶದವರಾಗಿದ್ದು ನಾಜಿಗಳ ಕೈಯಲ್ಲಿ ಸತ್ತ ಸುಮಾರು 78 ಸಾವಿರ ಯಹೂದಿಗಳ ಹೆಸರು, ಕೈಯಲ್ಲಿ ಬರೆದದ್ದು. ಮನೆತನದ ಹೆಸರು ಕೆಂಪಿನಲ್ಲಿ. ಹತ್ತಿರ ಹೋಗಿ ಮೂಗು ತಾಗುವಷ್ಟು ಬಗ್ಗಿದರೆ ಮಾತ್ರ ಓದೋಕಾಗುತ್ತದೆ. ಎರಡು ಹೆಜ್ಜೆ ಹಿಂದೆ ಬಂದರೆ ಎಲ್ಲಾ ಕಲಸಿ ಬೂದು ಬಣ್ಣದ ಗೋಡೆ. 1996ರಲ್ಲಿ ಆಲ್‌ಬ್ರೈಟ್ ಹಿಲರಿ ಕ್ಲಿಂಟನ್ ಜೊತೆ ಇಲ್ಲಿಗೆ ಬಂದು, ಈ ಗೋಡೆ ನೋಡಿ ಹೋದರು. 1997ರಲ್ಲಿ ಮತ್ತೆ ಬಂದಾಗ ಅದೇ ಗೋಡೆಯಲ್ಲಿ ಅರ್ನೊಶ್ತ್ ಕೋರ್ಬೆಲ್, ಓಲ್ಗಾ ಕೋರ್ಬೆಲ್ ಹೆಸರು ಹುಡುಕಿದರು. ಅಪ್ಪನ ಅಪ್ಪ ಅಮ್ಮ. ಅಜ್ಜ ನಾಜಿಗಳ ತೆರೆಜಿನ್ ಕ್ಯಾಂಪಿನಲ್ಲಿ, ಅಜ್ಜಿ ಆಶ್ವಿಟ್ಜ್‌ನಲ್ಲಿ ಸತ್ತಿದ್ದರು. ಮೊದಲ ಸಲ ಹುಡುಕಬೇಕು ಅಂತಲೇ ಹೊಳೆಯಲಿಲ್ಲ ಅಂತ ಅವರೇ ಹೇಳಿದರು. ಸುಳ್ಳು ಹೇಳುವವರು ಆ ಮೊದಲ ಭೇಟಿಯ ಮಾತೇ ಎತ್ತುತ್ತಿರಲಿಲ್ಲ, ಅಲ್ವಾ?

ಮನೆಯವರು 1941ರಲ್ಲಿ ಇಂಗ್ಲೆಂಡಿನಲ್ಲಿ ಕ್ಯಾಥೊಲಿಕ್ ಆದರು. ಆಗ ಈಕೆಗೆ ನಾಲ್ಕು ವರ್ಷ. ಅಜ್ಜ ಅಜ್ಜಿ ಯುದ್ಧದಲ್ಲಿ ತೀರಿಹೋದರು ಅಂದರೆ ಮಗು ನಂಬುತ್ತದೆ. ಒಮ್ಮೆ ನಂಬಿದ್ದನ್ನು ದೊಡ್ಡವರಾದ ಮೇಲೆ ಯಾರು ಕೆದಕುತ್ತಾರೆ?

ಅಂದಹಾಗೆ ಅವರಪ್ಪ ಜೋಸೆಫ್ ಕೋರ್ಬೆಲ್ ನಮಗೆ ಪೂರ್ತಿ ಹೊರಗಿನವರಲ್ಲ. 1948ರಲ್ಲಿ ಕಾಶ್ಮೀರದ ವಿಷಯಕ್ಕೆ ವಿಶ್ವಸಂಸ್ಥೆ ಕಳಿಸಿದ ಆಯೋಗದಲ್ಲಿ ಚೆಕೊಸ್ಲೊವಾಕಿಯಾ ಕಡೆಯ ಸದಸ್ಯ ಅವರೇ.

ಬಸವನಗುಡಿ ಬೀದಿ

ಸ್ವಲ್ಪ ದಾರಿ ತಪ್ಪಿಸುತ್ತೇನೆ, ಬೈಬೇಡಿ.

ನಮ್ಮ ಮನೆ ಹತ್ತಿರದ ಕೃಷ್ಣರಾವ್ ಪಾರ್ಕಿನ ಪೆವಿಲಿಯನ್ ನೋಡಿದ್ದೀರಲ್ಲ? ಚಿಕ್ಕಂದಿನಲ್ಲಿ ನಾವು ಅದರ ನೆರಳಲ್ಲಿ ಐಸ್‌ಕ್ಯಾಂಡಿ ತಿಂತಿದ್ದೆವು. ಅದನ್ನು ಡಿಸೈನ್ ಮಾಡಿದವರು ಓಟ್ಟೋ ಕೋನಿಗ್ಸ್‌ಬರ್ಗರ್, ಬರ್ಲಿನ್‌ನವರು. 1933ರಲ್ಲಿ ನಾಜಿಗಳು ಕೆಲಸದಿಂದ ತೆಗೆದರು. ಈಜಿಪ್ಟಿಗೆ ಹೋಗಿ, ಅಲ್ಲಿಂದ 1939ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದರು. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರನ್ನು ಮುಖ್ಯ ವಾಸ್ತುಶಿಲ್ಪಿ ಮಾಡಿದರು. ಟಾಟಾ ಇನ್‌ಸ್ಟಿಟ್ಯೂಟಿನ ಏರೋನಾಟಿಕಲ್ ವಿಭಾಗದ ಕಟ್ಟಡ ಕೂಡ ಅವರದೇ.

ಇವರ ಸೋದರಮಾವ ಮ್ಯಾಕ್ಸ್ ಬಾರ್ನ್. ಕ್ವಾಂಟಮ್ ವಿಜ್ಞಾನಿ, ಆಮೇಲೆ 1954ರಲ್ಲಿ ನೊಬೆಲ್ ಬಂತು. 1935ರಲ್ಲಿ ಸರ್ ಸಿ. ವಿ. ರಾಮನ್ ಕರೆಸಿ, ಆರು ತಿಂಗಳು ಬೆಂಗಳೂರಿನಲ್ಲಿ ಇದ್ದರು. ಕಾಯಂ ಮಾಡಿಕೊಳ್ಳಬೇಕು ಅಂತ ರಾಮನ್ ಬಹಳ ಗುದ್ದಾಡಿದರು, ಆಗಲಿಲ್ಲ. ಎಡಿನ್‌ಬರೋಗೆ ಹೋದರು. ಅಂಥವರನ್ನು ಕೈಬಿಟ್ಟೆವಲ್ಲ ಅಂತ ಈಗಲೂ ಹೊಟ್ಟೆ ಉರಿಯುತ್ತದೆ.

ಇಲ್ಲಿ ಹೇಳಬೇಕಾದ್ದು ಇದು: ಯಹೂದಿ ಮನೆಯಲ್ಲಿ ಹುಟ್ಟಿದ ಬಾರ್ನ್ 1914ರಲ್ಲೇ ಲೂಥರನ್ ಕ್ರೈಸ್ತರಾಗಿದ್ದರು. ನಾಜಿಗಳ ಮುಂದೆ ಅದು ಏನೂ ಉಪಯೋಗಕ್ಕೆ ಬರಲಿಲ್ಲ.

ದಾರಿಹೋಕ

ದಾರಿ ತಪ್ಪಿಸಲಿಲ್ಲ, ಸರಿಯಾದ ದಾರಿಗೇ ತಂದಿರಿ. ಮಂಡ್ಯದವರಿಗೆ ಉತ್ತರ ಇಲ್ಲಿದೆ.

1935ರ ನ್ಯೂರೆಂಬರ್ಗ್ ಕಾನೂನು ನೀನು ಯಾವ ದೇವರಿಗೆ ಕೈ ಮುಗಿಯುತ್ತೀಯ ಅಂತ ಕೇಳಲಿಲ್ಲ. ನಿನ್ನ ಅಜ್ಜ ಅಜ್ಜಿ ನಾಲ್ವರಲ್ಲಿ ಎಷ್ಟು ಜನ ಯಹೂದಿ ಅಂತ ಕೇಳಿತು. ಮೂರೋ ನಾಲ್ಕೋ ಇದ್ದರೆ ನೀನೂ ಯಹೂದಿ, ಚರ್ಚಿಗೆ ಹೋಗು ಬಿಡು. ಅಂದರೆ ಮಗುವಿನ ಜೀವ ನಿಂತಿದ್ದು ಅಜ್ಜ ಅಜ್ಜಿಯ ಹೆಸರಿನ ಮೇಲೆ. ಆ ಲೆಕ್ಕವನ್ನು ಕಣ್ಣಾರೆ ಕಂಡ ತಾಯಿ ಮಕ್ಕಳಿಂದ ಅಜ್ಜ ಅಜ್ಜಿಯನ್ನೇ ಅಳಿಸಿಹಾಕಿದಳು. ನನಗೆ ಇದರಲ್ಲಿ ಆಶ್ಚರ್ಯ ಕಾಣಲ್ಲ.

ಯುದ್ಧ ಮುಗಿದ ಮೇಲಾದರೂ ಹೇಳಬಹುದಿತ್ತಲ್ಲ ಅಂತೀರಿ. 1952ರಲ್ಲಿ ಪ್ರಾಗ್‌ನಲ್ಲಿ ಸ್ಲಾನ್ಸ್ಕಿ ಮೊಕದ್ದಮೆ ನಡೆಯಿತು, ಕಮ್ಯುನಿಸ್ಟ್ ಸರ್ಕಾರ ತನ್ನದೇ ಪಕ್ಷದ ನಾಯಕರ ಮೇಲೆ ಹೂಡಿದ್ದು. 14 ಆರೋಪಿಗಳು, ಅದರಲ್ಲಿ 11 ಜನ ಯಹೂದಿ ಮೂಲದವರು. ಆರೋಪಪಟ್ಟಿಯಲ್ಲೇ ಹೆಸರಿನ ಮುಂದೆ ‘ಯಹೂದಿ ಮೂಲ’ ಅಂತ ಬರೆದಿದ್ದರು. ಒಟ್ಟು 11 ಜನರನ್ನು ನೇಣಿಗೆ ಹಾಕಿದರು. ಯುದ್ಧ ಮುಗಿದು ಏಳು ವರ್ಷ, ಅಷ್ಟೇ. 1968ರಲ್ಲಿ ಪೋಲೆಂಡಿನಲ್ಲಿ ಮತ್ತೆ ಯಹೂದಿಗಳ ಮೇಲೆ ಹರಿಹಾಯ್ದರು, ಸಾವಿರಾರು ಜನ ದೇಶ ಬಿಟ್ಟರು. ಇನ್ನು ಭಯ ಬೇಡ ಅನ್ನುವ ಬೆಳಗು ಯಾವತ್ತು ಆಯಿತು, ನೀವೇ ಹೇಳಿ.

ಮಂಡ್ಯದ ಮಾತು

ಪ್ರಾಗ್, ಪೋಲೆಂಡು ಸರಿ. ಇಂಗ್ಲೆಂಡಿನಲ್ಲಿ, ಅಮೆರಿಕದಲ್ಲಿ ಕೂತವರಿಗೂ ಅದೇ ಭಯ ಅಂದರೆ? ಅಲ್ಲಿ ನೇಣಿಗೆ ಯಾರೂ ಹಾಕುತ್ತಿರಲಿಲ್ಲ.

ಆದರೆ ಅಜ್ಜ ಅಜ್ಜಿ ಲೆಕ್ಕ ನನಗೆ ಹೊಳೆದಿರಲಿಲ್ಲ. ಅಷ್ಟು ಒಪ್ಪಿದೆ.

ವಂಶಾವಳಿ ಹುಚ್ಚಿ

ಇಲ್ಲಿ ಎಲ್ಲರೂ ಅಮ್ಮಂದಿರ ಬಗ್ಗೆಯೇ ಮಾತಾಡುತ್ತಿದ್ದೀರಿ. ಸಾಕಿದ ಅಮ್ಮಂದಿರನ್ನು ಮರೆಯಬೇಡಿ.

ಪೋಲೆಂಡಿನ ಎಲ್ಜಬಿಯೆತಾ ಫಿತ್ಸೊವ್ಸ್ಕಾ ಕತೆ ನನಗೆ ಯಾವಾಗಲೂ ಕಾಡುತ್ತದೆ. 1942ರ ಬೇಸಿಗೆ, ವಾರ್ಸಾ ಘೆಟ್ಟೋ, ಅಂದರೆ ನಾಜಿಗಳು ಯಹೂದಿಗಳನ್ನು ಕೂಡಿಹಾಕಿದ್ದ ಕೇರಿ. ಆರು ತಿಂಗಳ ಕೂಸನ್ನು ಮರದ ಪೆಟ್ಟಿಗೆಯಲ್ಲಿಟ್ಟು, ಇಟ್ಟಿಗೆ ತುಂಬಿದ ಗಾಡಿಯಲ್ಲಿ ಮುಚ್ಚಿ ಹೊರಗೆ ಸಾಗಿಸಿದರು. ಪೆಟ್ಟಿಗೆಯಲ್ಲಿ ಮಗುವಿನ ಜೊತೆ ಒಂದು ಬೆಳ್ಳಿ ಚಮಚ. ಅದರ ಮೇಲೆ ಕೊರೆದಿದ್ದು ‘ಎಲ್ಜೂನ್ಯಾ’ ಅನ್ನೋ ಮುದ್ದಿನ ಹೆಸರು, 5 ಜನವರಿ 1942 ಅನ್ನೋ ಹುಟ್ಟಿದ ದಿನ. ಮನೆತನದ ಹೆಸರಿಲ್ಲ. ಇದ್ದಿದ್ದರೆ ಸಿಕ್ಕಿಬೀಳುತ್ತಿದ್ದರು. ಸಾಕಿದವರು ಕ್ಯಾಥೊಲಿಕ್ ಸೂಲಗಿತ್ತಿ. ಮಗುವಿಗೆ ನಿಜ ತಿಳಿದಿದ್ದು 17ನೇ ವಯಸ್ಸಿನಲ್ಲಿ, ಅದೂ ಹೊರಗಿನವರ ಬಾಯಿಂದ.

ಒಂದು ಕೂಸಿನ ಹುಟ್ಟಿದ ದಿನ ಉಳಿಯಲಿ ಅಂತ ಚಮಚದ ಮೇಲೆ ಬರೆಸಿದ ಆ ಅಪ್ಪ ಅಮ್ಮ ಉಳಿಯಲಿಲ್ಲ.

ಇನ್ನೊಬ್ಬರು ರೊಮುವಾಲ್ದ್ ವಾಶ್ಕಿನೆಲ್. ಇವರದು ಕೇಳಿದರೆ ಯಾರೋ ಕಟ್ಟಿದ ಕತೆ ಅನ್ನಬೇಕು, ಹಾಗಿದೆ. 1943ರಲ್ಲಿ ಘೆಟ್ಟೋದಲ್ಲಿ ಹುಟ್ಟಿದ ಮಗು. ಹೆತ್ತ ತಾಯಿ ಪೋಲಿಷ್ ಹೆಂಗಸೊಬ್ಬರ ಹತ್ತಿರ ಬಂದು, ನೀವು ನಂಬುವ ಯೇಸು ಕೂಡ ಯಹೂದಿಯೇ, ಅವನ ಹೆಸರಲ್ಲಿ ಈ ಕೂಸನ್ನು ಉಳಿಸಿ, ದೊಡ್ಡವನಾಗಿ ಪಾದ್ರಿ ಆಗುತ್ತಾನೆ ಅಂದರಂತೆ. ಅವರು ಉಳಿಸಿಕೊಂಡರು. ಹುಡುಗ 1966ರಲ್ಲಿ ನಿಜವಾಗಿಯೂ ಪಾದ್ರಿ ಆದ! 1978ರಲ್ಲಿ ಸಾಕುತಾಯಿ ನಿಜ ಹೇಳಿದರು. ಆ ತಾಯಿಗೂ ಹೆತ್ತವರ ಹೆಸರು ಗೊತ್ತಿರಲಿಲ್ಲ. ಹೆಸರು ಸಿಕ್ಕಿದ್ದು 1992ರಲ್ಲಿ. ವೆಕ್ಸ್ಲರ್ ಅಂತ. ಈಗ ಎರಡೂ ಹೆಸರು ಸೇರಿಸಿ ಬರೆಯುತ್ತಾರೆ. ಎರಡು ಜನ ತಾಯಂದಿರಲ್ಲಿ ಯಾರನ್ನು ಬಿಡೋದು?

ಲಂಡನ್ ಮಳೆ

ವಂಶಾವಳಿಯವರೇ, ನಿಮ್ಮ ಸಹಾಯ ಬೇಕು.

ನಮ್ಮ ಪಕ್ಕದ ಮನೆಯಲ್ಲಿ ಎಂಬತ್ತರ ಹತ್ತಿರದ ಅಜ್ಜಿ ಒಬ್ಬರಿದ್ದಾರೆ. ಪ್ರತಿ ಕ್ರಿಸ್‌ಮಸ್‌ಗೆ ನಮ್ಮ ಮಕ್ಕಳಿಗೆ ಕೇಕ್ ಕೊಡುತ್ತಾರೆ, ನಾವು ಯುಗಾದಿಗೆ ಹೋಳಿಗೆ ಕೊಡುತ್ತೇವೆ. ಮನೆ ಖಾಲಿ ಮಾಡುವಾಗ ತೀರಿಹೋದ ಅಮ್ಮನ ಹೊಲಿಗೆ ಡಬ್ಬದಲ್ಲಿ ಒಂದು ಮಡಚಿದ ಕಾಗದ ಸಿಕ್ಕಿದೆ. ಅಮ್ಮ ಯುದ್ಧಕ್ಕೆ ಮುಂಚೆ ವಿಯೆನ್ನಾದಿಂದ ಮನೆಗೆಲಸಕ್ಕೆ ಬಂದವರು, ಕ್ಯಾಥೊಲಿಕ್, ಬಡವರು ಅಂತಷ್ಟೇ ಇವರಿಗೆ ಗೊತ್ತು. ಕಾಗದದಲ್ಲಿ ಅಮ್ಮನ ಹೆಸರಿನ ನಡುವೆ ‘ಸಾರಾ’ ಅಂತಿದೆ. ನಮ್ಮಮ್ಮನ ಹೆಸರಲ್ಲಿ ಸಾರಾ ಇರಲೇ ಇಲ್ಲ, ಬೇರೆ ಯಾರದೋ ಕಾಗದ ಇರಬೇಕು ಅಂತಾರೆ. ನಾನು ಈ ಚರ್ಚೆ ಓದಿದ ಮೇಲೆ ಸುಮ್ಮನಿರೋಕೆ ಆಗುತ್ತಿಲ್ಲ.

ವಂಶಾವಳಿ ಹುಚ್ಚಿ

ಬೇರೆ ಯಾರದೂ ಅಲ್ಲ ಅನ್ನಿಸುತ್ತದೆ. 1939ರ ಜನವರಿಯಿಂದ ಜರ್ಮನ್ ಆಡಳಿತದಲ್ಲಿ, ಆಸ್ಟ್ರಿಯಾ ಸೇರಿ, ಯಹೂದಿ ಅಂತ ಗುರುತಾಗದ ಹೆಸರಿದ್ದ ಯಹೂದಿ ಹೆಂಗಸರು ‘ಸಾರಾ’ ಅಂತಲೂ, ಗಂಡಸರು ‘ಇಸ್ರಾಯೇಲ್’ ಅಂತಲೂ ಕಡ್ಡಾಯವಾಗಿ ಸೇರಿಸಿಕೊಳ್ಳಬೇಕಿತ್ತು. ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಸರ್ಕಾರ ಅಂಟಿಸಿದ್ದು. 1938ರ ಅಕ್ಟೋಬರಿನಿಂದ ಪಾಸ್‌ಪೋರ್ಟಿನ ಮೇಲೆ ಕೆಂಪು ‘ಜೆ’ ಅಕ್ಷರದ ಮುದ್ರೆ ಬೇರೆ. ಮನೆಗೆಲಸದ ವೀಸಾ ಅನ್ನೋದೂ ದೊಡ್ಡ ಸುಳಿವು. ಆ ದಾರಿಯಲ್ಲಿ ಬ್ರಿಟನ್ನಿಗೆ ಸಾವಿರಾರು ಯಹೂದಿ ಹೆಣ್ಣುಮಕ್ಕಳು ಬಂದರು. ಮನೆಯಲ್ಲಿ ಆಳು ಇಟ್ಟುಕೊಂಡು ಬೆಳೆದವರು ಇಲ್ಲಿ ಬೇರೆಯವರ ಪಾತ್ರೆ ತೊಳೆದರು.

ಹುಡುಕುವ ಕ್ರಮ ಹೇಳುತ್ತೇನೆ. ಮೊದಲು ಲಂಡನ್ನಿನ ಕ್ಯೂ ಅನ್ನೋ ಜಾಗದಲ್ಲಿರುವ ರಾಷ್ಟ್ರೀಯ ದಾಖಲೆ ಕೇಂದ್ರ. 1939ರಲ್ಲಿ ಜರ್ಮನ್, ಆಸ್ಟ್ರಿಯನ್ ಜನರನ್ನೆಲ್ಲ ಶತ್ರುದೇಶದವರು ಅಂತ ವಿಚಾರಣೆ ಮಾಡಿದರು. ಅದರ ಕಾರ್ಡುಗಳಿವೆ. ಕಾರ್ಡಿನಲ್ಲಿ ಹುಟ್ಟಿದ ದಿನ, ವಿಳಾಸ, ಕೆಲಸ, ನಾಜಿ ಹಿಂಸೆಯಿಂದ ಬಂದ ನಿರಾಶ್ರಿತೆ ಹೌದೋ ಅಲ್ಲವೋ ಅನ್ನೋದು ಇರುತ್ತದೆ.

ಎರಡನೆಯದು ಜರ್ಮನಿಯ ಆರೊಲ್ಸೆನ್ ದಾಖಲೆಗಳು. ನಾಜಿ ಹಿಂಸೆಗೆ ಸಿಕ್ಕವರು ಸೇರಿ ಸುಮಾರು 1.75 ಕೋಟಿ ಜನರ ವಿವರ ಇದೆ, ಬಹಳಷ್ಟು ಆನ್‌ಲೈನ್ ನೋಡಬಹುದು, ದುಡ್ಡಿಲ್ಲ. ಆಮೇಲೆ ಜೆರುಸಲೇಮಿನ ಯಾದ್ ವಶೆಮ್, ನಾಜಿಗಳು ಕೊಂದ ಯಹೂದಿಗಳ ಸ್ಮಾರಕ ಸಂಸ್ಥೆ. ಅಲ್ಲಿ ‘ಸಾಕ್ಷಿಪತ್ರ’ ಅಂತ ಒಂದು ಫಾರಂ ಇದೆ. ಸತ್ತವರ ಬಗ್ಗೆ ಉಳಿದ ನೆಂಟರು ತುಂಬಿಕೊಟ್ಟಿದ್ದು. ನಾನು ಮೊದಲು ನೋಡೋದು ಸತ್ತವರ ಹೆಸರಲ್ಲ, ಕೆಳಗೆ ತುಂಬಿದವರ ಹೆಸರು, ವಿಳಾಸ. ಬದುಕಿರುವ ಕೊಂಡಿ ಅಲ್ಲಿರುತ್ತದೆ.

ಸ್ಪೆಲಿಂಗ್ ನಂಬಬೇಡಿ. ಒಂದೇ ಹೆಸರು ಜರ್ಮನ್, ಚೆಕ್, ಪೋಲಿಷ್, ಹೀಬ್ರೂ ನಾಲ್ಕರಲ್ಲೂ ನಾಲ್ಕು ಥರ. ಪಾಸ್‌ಪೋರ್ಟಿಗೆ ಇನಿಷಿಯಲ್ ಬಿಡಿಸಿ ಬರೆಯೋಕೆ ಹೋಗಿ ಅಪ್ಪನ ಹೆಸರೇ ನಮ್ಮ ಹೆಸರಾದ ಪಾಡು ಗೊತ್ತಲ್ಲ, ಹಾಗೆ. ಡಿಎನ್‌ಎ ಪರೀಕ್ಷೆ ಕೊನೆಗೆ ಇಟ್ಟುಕೊಳ್ಳಿ. ಪೂರ್ವ ಯುರೋಪಿನ ಯಹೂದಿಗಳು ನೂರಾರು ವರ್ಷ ತಮ್ಮೊಳಗೇ ಮದುವೆಯಾದವರು. ಹಾಗಾಗಿ ಅಲ್ಲಿ ಎಲ್ಲರೂ ಎಲ್ಲರಿಗೂ ಹತ್ತಿರದ ನೆಂಟರ ಥರ ಕಾಣಿಸುತ್ತಾರೆ, ನಿಜಕ್ಕೂ ಇರೋದು ಎಷ್ಟೋ ತಲೆಮಾರು ಹಿಂದಿನ ನಂಟು.

ಕಾಫಿಪುಡಿ

ಎಲ್ಲಾ ಸರಿ, ಆದರೆ ಆ ಅಜ್ಜಿಗೆ ತಿಳಿಯಲೇಬೇಕಾ? ಎಂಬತ್ತು ವರ್ಷ ಒಂದು ಥರ ಬದುಕಿದವರು. ಹುಡುಕುವ ಉತ್ಸಾಹ ನಮ್ಮದು. ಆಮೇಲೆ ರಾತ್ರಿ ನಿದ್ದೆ ಬರದೇ ಇರೋದು ಅವರಿಗೆ.

ಮಂಡ್ಯದ ಮಾತು

ಇಷ್ಟು ಹೊತ್ತು ಜಗಳ ಆಡಿದವನು ನಾನು, ಆದರೂ ಕಾಫಿಪುಡಿಯವರ ಜೊತೆ ಇದ್ದೇನೆ. ಮೊದಲು ಅವರನ್ನು ಕೇಳಿ. ಕೇಳದೇ ಏನೂ ಹುಡುಕಬೇಡಿ.

ಲಂಡನ್ ಮಳೆ

ಕೇಳಿದೆ. ‘ಸಾರಾ’ ಅಂದರೆ ಏನು ಅಂತ ಮಾತ್ರ ಹೇಳಿ, ಇದಕ್ಕಿಂತ ಜಾಸ್ತಿ ಹುಡುಕಲಾ ಬೇಡವಾ ಅಂದೆ. ಬಹಳ ಹೊತ್ತು ಸುಮ್ಮನಿದ್ದು, ಶುಕ್ರವಾರ ಸಂಜೆ ಅಮ್ಮ ಅಡುಗೆಮನೆ ಬಾಗಿಲು ಹಾಕಿಕೊಳ್ಳುತ್ತಿದ್ದರು, ಯಾಕೆ ಅಂತ ನಾವು ಕೇಳುತ್ತಿರಲಿಲ್ಲ ಅಂದರು. ಆಮೇಲೆ ಹುಡುಕು ಅಂದರು.

ಬ್ರನೋವಾಸಿ

ಶುಕ್ರವಾರ ಸಂಜೆ ಯಹೂದಿಗಳ ಸಬ್ಬತ್, ಅಂದರೆ ವಾರದ ಪವಿತ್ರ ವಿಶ್ರಾಂತಿ ದಿನ ಶುರು. ಮನೆಯ ಹೆಂಗಸು ಮೇಣದಬತ್ತಿ ಹಚ್ಚುವ ಹೊತ್ತು. ಅವರಿಗೆ ಗೊತ್ತಿದೆಯಾ?

ಲಂಡನ್ ಮಳೆ

ಈಗ ಗೊತ್ತು. ನಾನು ಹೇಳಲಿಲ್ಲ, ಅವರೇ ಎಲ್ಲೋ ಓದಿಕೊಂಡಿದ್ದಾರೆ.

ಲಂಡನ್ ಮಳೆ

ಮೂರು ವಾರದ ಮೇಲೆ ಬರೆಯುತ್ತಿದ್ದೇನೆ. ಕ್ಯೂ ಕಾರ್ಡು ಸಿಕ್ಕಿತು. ಕಾಗದದ ಹೆಸರು, ಹುಟ್ಟಿದ ದಿನ ಎರಡೂ ಹೊಂದಿದವು. ಬಂಧನದಿಂದ ವಿನಾಯಿತಿ, ನಿರಾಶ್ರಿತೆ ಅಂತ ಟೈಪ್ ಆಗಿದೆ. ಕೆಲಸ: ಅಡುಗೆಯವಳು. ಅಜ್ಜಿ ನಕ್ಕುಬಿಟ್ಟರು. ನಮ್ಮಮ್ಮನಿಗೆ ಮೊಟ್ಟೆ ಬೇಯಿಸೋಕೂ ಬರುತ್ತಿರಲಿಲ್ಲ ಅಂತ.

ನಿನ್ನೆ ಯಾದ್ ವಶೆಮ್ ಪುಟ ಸಿಕ್ಕಿತು. ಅಮ್ಮನ ತಂದೆ ತಾಯಿ ಇಬ್ಬರದೂ ಇದೆ. 1956ರಲ್ಲಿ ಕೈಯಲ್ಲಿ ತುಂಬಿದ್ದು, ಹೀಬ್ರೂ. ಕೆಲಸದ ಗೆಳೆಯರೊಬ್ಬರು ಓದಿ ಹೇಳಿದರು. ವಂಶಾವಳಿಯವರು ಹೇಳಿದ ಹಾಗೆ ಮೊದಲು ಕೆಳಗೆ ನೋಡಿದೆವು. ತುಂಬಿದವರು ಸತ್ತವರಿಗೆ ತಮ್ಮನ ಮಗಳು. ವಿಳಾಸ ಹೈಫಾ.

ಅಜ್ಜಿ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಹೈಫಾದಲ್ಲಿ ಈಗ ಎಷ್ಟು ಗಂಟೆ ಅಂತ ಕೇಳಿದರು. ನಮಗಿಂತ ಎರಡು ಗಂಟೆ ಮುಂದೆ, ಹತ್ತೂವರೆ ಆಗಿರುತ್ತದೆ ಅಂದೆ. ಹಾಗಾದರೆ ಇವತ್ತು ಬೇಡ, ಮಲಗಿರುತ್ತಾರೆ ಅಂದರು. ವಿಳಾಸ 1956ರದ್ದು ಅಂತ ನಾನೂ ಹೇಳಲಿಲ್ಲ, ಅವರೂ ಕೇಳಲಿಲ್ಲ.